ಸಹಿ ಮಾತ್ರ ನಮ್ಮದು

ಕಾಲೇಜಿನ ವಾರ್ಷಿಕೋತ್ಸವಕ್ಕೆ ಇನ್ನು ಮೂರು ವಾರಗಳಿರುವಾಗ, ಅತ್ಯುತ್ತಮ ವಿದ್ಯಾರ್ಥಿ ಪ್ರಶಸ್ತಿಗೆ ಹೆಸರುಗಳನ್ನು ಸೂಚಿಸಬೇಕೆಂಬ ಸುತ್ತೋಲೆ ಸೂಚನಾಫಲಕವನ್ನೇರಿದ ಮರುದಿನ, ಖಾಲಿ ನಮೂನೆಯೊಂದನ್ನು ಕೈಯಲ್ಲಿ ಹಿಡಿದು ಅಧ್ಯಾಪಕರ ಕೊಠಡಿಯ ಬಾಗಿಲಲ್ಲಿ ಹಿಂಜರಿಯುತ್ತ ನಿಂತ ಹುಡುಗಿಗೆ ನಮ್ಮಲ್ಲಿ ಬಹುತೇಕರು ಹೇಳುವ ಮಾತು ಒಂದೇ: “ನೀನೇ ಬರ್ಕೊಂಡು ಬಂದ್ಬಿಡಮ್ಮ, ನಾನು ಸೈನ್ ಹಾಕ್ಕೊಡ್ತೀನಿ.” ಹೀಗೆ ಹೇಳುವವರು ದುರ್ಜನರಲ್ಲ, ಉಪಕಾರವನ್ನೇ ಮಾಡುತ್ತಿದ್ದೇವೆಂಬ ನಂಬಿಕೆಯಿಂದಲೇ ಹೇಳುತ್ತಾರೆ. ಹುಡುಗಿಯೂ ಕೃತಜ್ಞತೆಯಿಂದ ತಲೆಯಾಡಿಸಿ ಹೊರಡುತ್ತಾಳೆ. ತನ್ನನ್ನು ತಾನೇ ‘ಈಕೆ’ ಎಂದು ಕರೆದುಕೊಂಡು ಹೊಗಳಿಕೊಂಡ ಒಂದು ಪುಟವನ್ನು ಮರುದಿನ ಟೈಪು ಮಾಡಿಸಿ ತರುತ್ತಾಳೆ. ಅಧ್ಯಾಪಕರು ಕೊನೆಯ ಸಾಲಿನ ಕೆಳಗೆ ಸಹಿಯಿಟ್ಟು, ಮೊಹರು ಹಾಕಿಸಿಕೊಳ್ಳೆಂದು ಕಚೇರಿಗೆ ಕಳುಹಿಸುತ್ತಾರೆ. ಇದರಿಂದ ಎಲ್ಲರಿಗೂ ಅನುಕೂಲ, ಯಾರಿಗೂ ನಷ್ಟವಿಲ್ಲ ಎಂಬುದು ನಮ್ಮ ಕಾಲೇಜುಗಳಲ್ಲಿ ಯಾರೂ ಪ್ರಶ್ನಿಸದೆ ಒಪ್ಪಿಕೊಂಡು ಬಂದಿರುವ ಅಭಿಪ್ರಾಯ. ಈ ಅಭಿಪ್ರಾಯವು ಅಸತ್ಯವನ್ನು ಆಶ್ರಯಿಸಿದ್ದು, ಅನ್ಯಾಯವನ್ನು ಹೆರುವಂಥದು, ನಮ್ಮ ವೃತ್ತಿಯ ಘನತೆಯನ್ನು ಒಳಗಿಂದೊಳಗೇ ಕೊರೆಯುತ್ತಿರುವಂಥದು ಎಂದು ನಾನು ನಂಬಿದ್ದೇನೆ. ಅದನ್ನು ಮೃದುಮಾತಿನಲ್ಲಿ ಹೇಳುವ ಕಾಲ ಮೀರಿಹೋಯಿತೆಂದೂ ನಂಬಿದ್ದೇನೆ.

ನಾಮನಿರ್ದೇಶನವೆಂದರೆ ಏನು? ಅದು ಅರ್ಜಿಯಲ್ಲ, ಅದು ಸಾಕ್ಷ್ಯ. ಅರ್ಜಿಯಲ್ಲಿ ಮನುಷ್ಯನು ತನ್ನ ವಿಷಯವನ್ನು ತಾನೇ ಹೇಳಿಕೊಳ್ಳುತ್ತಾನೆ. ಸಾಕ್ಷ್ಯದಲ್ಲಿ ಅವನನ್ನು ಕಂಡ ಇನ್ನೊಬ್ಬನು, ತಾನು ಕಂಡದ್ದನ್ನು, ತನ್ನ ಹೆಸರಿನ ಹೊಣೆಯ ಮೇಲೆ ಹೇಳುತ್ತಾನೆ. ಜಮೀನಿನ ವ್ಯಾಜ್ಯವೊಂದರಲ್ಲಿ ವಾದಿಯೇ ಸಾಕ್ಷಿಯ ಹೇಳಿಕೆಯನ್ನು ಬರೆದುಕೊಟ್ಟು, ಸಾಕ್ಷಿಯು ಅದನ್ನು ಓದದೆಯೇ ಹೆಬ್ಬೆಟ್ಟು ಒತ್ತಿದನೆಂದು ತಿಳಿದುಬಂದರೆ ಆ ಸಾಕ್ಷ್ಯಕ್ಕೆ ಯಾವ ನ್ಯಾಯಾಧೀಶನು ಬೆಲೆ ಕೊಟ್ಟಾನು? ಎರಡು ಗುಂಟೆ ನೆಲದ ವಿಷಯದಲ್ಲಿ ನಾವು ಸಹಿಸದ ಕೃತ್ಯವನ್ನು ಒಂದು ಎಳೆಯ ಜೀವದ ಯೋಗ್ಯತೆಯ ವಿಷಯದಲ್ಲಿ ಸಹಿಸುವುದಷ್ಟೇ ಅಲ್ಲ, ಸೌಜನ್ಯವೆಂದು ಕರೆಯುತ್ತಿದ್ದೇವೆ. ಹೆಬ್ಬೆಟ್ಟಿನವನಿಗಾದರೂ ಓದಲು ಬಾರದೆಂಬ ಸಮಾಧಾನವಿತ್ತು. ನಮಗೆ ಯಾವ ಸಮಾಧಾನವಿದೆ?

ಕೆಲವು ವರ್ಷಗಳ ಹಿಂದೆ ಇಂಥದೊಂದು ಆಯ್ಕೆ ಸಮಿತಿಯಲ್ಲಿ ಹೊರಗಿನ ಸದಸ್ಯನಾಗಿ ಕುಳಿತಿದ್ದೆ. ಮೇಜಿನ ಮೇಲೆ 23 ಕಡತಗಳಿದ್ದವು, ಎಲ್ಲವೂ ಸ್ಪೈರಲ್ ಬೈಂಡಿಂಗ್ ಮಾಡಿಸಿದವು. ಬೆಳಗಿನಿಂದ ಮಧ್ಯಾಹ್ನದವರೆಗೆ ಅವನ್ನು ಓದಿದ ಮೇಲೆ, ಒಬ್ಬನನ್ನು ಇನ್ನೊಬ್ಬನಿಂದ ಬೇರ್ಪಡಿಸಿ ಗುರುತಿಸಬಲ್ಲ ಒಂದೇ ಒಂದು ವಾಕ್ಯವೂ ನನ್ನ ನೆನಪಿನಲ್ಲಿ ಉಳಿಯಲಿಲ್ಲ. ಎಲ್ಲರೂ ಶಿಸ್ತುಬದ್ಧರು, ಎಲ್ಲರೂ ಕಠಿಣ ಪರಿಶ್ರಮಿಗಳು, ಎಲ್ಲರಲ್ಲಿಯೂ ನಾಯಕತ್ವದ ಗುಣ, ಎಲ್ಲರದೂ ಸರ್ವತೋಮುಖ ವ್ಯಕ್ತಿತ್ವ. ಒಂದು ಪತ್ರದಲ್ಲಂತೂ, ಎರಡನೆಯ ಪರಿಚ್ಛೇದದ ನಟ್ಟನಡುವೆ, ಹಿಂದಿನ ವರ್ಷದ ಅಭ್ಯರ್ಥಿನಿಯ ಹೆಸರು ಹಾಗೆಯೇ ಉಳಿದುಕೊಂಡಿತ್ತು. ಅಲ್ಲಿಂದ ಮುಂದೆ ನಾಲ್ಕು ಸಾಲುಗಳವರೆಗೆ ಹುಡುಗನೊಬ್ಬನು ಹುಡುಗಿಯಾಗಿದ್ದನು. ಅದರ ಕೆಳಗೂ ಹಸಿರು ಶಾಯಿಯ ಸಹಿಯಿತ್ತು, ದಿನಾಂಕವಿತ್ತು, ದುಂಡನೆಯ ಮೊಹರಿತ್ತು. ಆ ಹಾಳೆಯನ್ನು ನಾನು ಬಹಳ ಹೊತ್ತು ಕೈಯಲ್ಲಿ ಹಿಡಿದುಕೊಂಡಿದ್ದೆ. ಮೂರು ವರ್ಷ ತನ್ನೆದುರು ಬೆಂಚಿನ ಮೇಲೆ ಕುಳಿತು ಪಾಠ ಕೇಳಿದ ಒಬ್ಬ ಹುಡುಗನಿಗಾಗಿ ಐದು ನಿಮಿಷ ಕೊಟ್ಟು ಒಂದು ಪುಟವನ್ನು ಓದಲಾರದವನು ಅವನಿಗೆ ಯಾವ ಅರ್ಥದಲ್ಲಿ ಗುರು?

ವಿಶೇಷಣಗಳು ಹೆಚ್ಚಿದಷ್ಟೂ ನಾಮನಿರ್ದೇಶನವು ಬಲವಾಗುತ್ತದೆಂಬುದು ಇದರ ಜೊತೆಗೇ ಬೆಳೆದ ಇನ್ನೊಂದು ಭ್ರಮೆ. ರಾಷ್ಟ್ರೀಯ ಸೇವಾ ಯೋಜನೆಯ ಸ್ವಯಂಸೇವಕರ ವಿಷಯವನ್ನೇ ನೋಡೋಣ. ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷವಾದ 1969ರಲ್ಲಿ ಆರಂಭವಾದ ಈ ಯೋಜನೆಯಲ್ಲಿ ವಿದ್ಯಾರ್ಥಿಯು ಎರಡು ವರ್ಷಗಳಲ್ಲಿ 240 ಗಂಟೆ ಸೇವೆ ಸಲ್ಲಿಸಬೇಕು. ಏಳು ದಿನಗಳ ವಿಶೇಷ ಶಿಬಿರದಲ್ಲಿ ಹಳ್ಳಿಯ ಶಾಲೆಯ ಜಗಲಿಯ ಮೇಲೆ ಮಲಗಿ, ಚರಂಡಿ ತೆಗೆದು, ಸಸಿ ನೆಟ್ಟು, ಸಂಜೆ ಗ್ರಾಮಸ್ಥರೊಡನೆ ಕುಳಿತು ಮಾತಾಡಬೇಕು. ಇಂಥ ಸ್ವಯಂಸೇವಕಿಯೊಬ್ಬಳನ್ನು ಪ್ರಶಸ್ತಿಗೆ ಸೂಚಿಸುವ ಪತ್ರದಲ್ಲಿ ‘ಈಕೆ ಅಪ್ರತಿಮ ಸೇವಾಮನೋಭಾವವುಳ್ಳವಳು’ ಎಂಬ ವಾಕ್ಯವಿರುತ್ತದೆ. ಅವಳು ಮಾಡಿದ ಸೇವೆ ಮಾತ್ರ ಇರುವುದಿಲ್ಲ. ಆ 240 ಗಂಟೆಗಳಲ್ಲಿ ಒಂದೇ ಒಂದು ಗಂಟೆಯನ್ನಾದರೂ ಸಹಿ ಹಾಕಿದವರು ಕಣ್ಣಾರೆ ಕಂಡಿರಬೇಡವೇ? ಉದಾಹರಣೆಗೆ, ಶಿಬಿರದ ಮೂರನೆಯ ದಿನ ಅಕಾಲದ ಮಳೆ ಸುರಿದು ಅಡುಗೆಯ ಸೌದೆಯೆಲ್ಲ ನೆನೆದುಹೋದಾಗ, ಇವಳು ಗೆಳತಿಯರಿಬ್ಬರನ್ನು ಕರೆದುಕೊಂಡು ಆರು ಮನೆಗಳ ಹಿತ್ತಲಿಗೆ ಹೋಗಿ ಒಣಸೌದೆ ಕೇಳಿ ತಂದಳು. ಯಾರ ಮನೆಯಿಂದ ಎಷ್ಟು ಹೊರೆ ಬಂತೆಂಬುದನ್ನು ಹಾಜರಿ ಪುಸ್ತಕದ ಹಿಂದೆ ಬರೆದಿಟ್ಟಳು. ಶಿಬಿರ ಮುಗಿಯುವ ಮುನ್ನ ಅಷ್ಟನ್ನೂ ಹಿಂದಿರುಗಿಸಿದಳು. ಇಷ್ಟನ್ನು ಕಂಡವರೊಬ್ಬರು ಇಷ್ಟನ್ನೇ ಬರೆದಿದ್ದರೆ, ಸಮಿತಿಯಲ್ಲಿ ಕುಳಿತವನಿಗೆ ಸೇವಾಮನೋಭಾವವೆಂಬ ಶಬ್ದದ ಅವಶ್ಯಕತೆಯೇ ಬೀಳುತ್ತಿರಲಿಲ್ಲ.

ಬಲವಾದ ನಾಮನಿರ್ದೇಶನ ಹೇಗಿರುತ್ತದೆಂದು ತಿಳಿಯಬೇಕಾದರೆ 1913ರ ಫೆಬ್ರವರಿಯ ಮದರಾಸಿಗೆ ಹೋಗಬೇಕು. ಅಲ್ಲಿನ ಬಂದರು ಟ್ರಸ್ಟಿನ ಲೆಕ್ಕಪತ್ರ ವಿಭಾಗದಲ್ಲಿ ತಿಂಗಳಿಗೆ 30 ರೂಪಾಯಿ ಸಂಬಳದ ಗುಮಾಸ್ತನೊಬ್ಬನಿದ್ದನು. ಗಣಿತವೊಂದನ್ನೇ ನೆಚ್ಚಿ ಉಳಿದ ವಿಷಯಗಳನ್ನು ಬಿಟ್ಟುದರಿಂದ ಪದವಿಗೆ ಮೊದಲಿನ ಎಫ್.ಎ. ಪರೀಕ್ಷೆಯಲ್ಲಿ ತೇರ್ಗಡೆಯಾಗದೆ, ಪದವಿಯಿಲ್ಲದೆ ಉಳಿದವನು, ಶ್ರೀನಿವಾಸ ರಾಮಾನುಜನ್. ಭಾರತದ ಹವಾಮಾನ ಇಲಾಖೆಯ ಮುಖ್ಯಸ್ಥರೂ, ಕೇಂಬ್ರಿಜ್‌ನಲ್ಲಿ ಗಣಿತ ಪರೀಕ್ಷೆಗೆ ಮೊದಲಿಗರಾಗಿ ಸೀನಿಯರ್ ರ‍್ಯಾಂಗ್ಲರ್ ಆಗಿದ್ದವರೂ ಆದ ಗಿಲ್ಬರ್ಟ್ ವಾಕರ್ ಮದರಾಸಿಗೆ ಬಂದಿದ್ದಾಗ, ಟ್ರಸ್ಟಿನ ಅಧ್ಯಕ್ಷರಾಗಿದ್ದ ಸರ್ ಫ್ರಾನ್ಸಿಸ್ ಸ್ಪ್ರಿಂಗ್ ಅವರ ಸಮ್ಮುಖದಲ್ಲಿ ಈ ಗುಮಾಸ್ತನ ಗಣಿತವನ್ನು ವಾಕರ್ ಅವರಿಗೆ ತೋರಿಸಲಾಯಿತು. ಮರುದಿನವೇ ವಾಕರ್ ಮದರಾಸು ವಿಶ್ವವಿದ್ಯಾನಿಲಯದ ಕುಲಸಚಿವರಿಗೆ ಒಂದು ಪತ್ರ ಬರೆದರು. ಆ ಪತ್ರದಲ್ಲಿರುವುದೇನು? ಈ ಯುವಕನನ್ನು ತಾವು ಕಂಡಿಲ್ಲವೆಂಬುದು ಅದರಲ್ಲಿದೆ. ಕಂಡದ್ದು ಅವನ ಕೆಲಸವನ್ನು, ಅದೂ ನಿನ್ನೆ, ಇಂಥವರ ಎದುರಿನಲ್ಲಿ ಎಂಬುದಿದೆ. ಸ್ವೋಪಜ್ಞತೆಯಲ್ಲಿ ಅದು ಕೇಂಬ್ರಿಜ್ ಕಾಲೇಜೊಂದರ ಗಣಿತದ ಫೆಲೋ ಒಬ್ಬರ ಕೆಲಸಕ್ಕೆ ಹೋಲಿಸತಕ್ಕದ್ದೆಂಬುದಿದೆ. ಆದರೆ ಫಲಿತಾಂಶಗಳನ್ನು ಸಾರ್ವತ್ರಿಕವಾಗಿ ಒಪ್ಪಲು ಬೇಕಾದ ಪೂರ್ಣತೆಯೂ ಖಚಿತತೆಯೂ ಇನ್ನೂ ಸಾಲವೆಂಬುದಿದೆ. ಗಣಿತದ ಆ ಶಾಖೆಗಳಲ್ಲಿ ತಾವು ಪರಿಣತರಲ್ಲವಾದ್ದರಿಂದ ಅವನ ಶಕ್ತಿಯನ್ನು ನೆಚ್ಚಬಹುದಾದಷ್ಟು ಅಳೆಯಲಾರೆವೆಂಬ ಒಪ್ಪಿಗೆಯಿದೆ. ಕಟ್ಟಕಡೆಗೆ, ಜೀವನೋಪಾಯದ ಚಿಂತೆಯಿಲ್ಲದೆ ಕೆಲವು ವರ್ಷ ಗಣಿತಕ್ಕೇ ತೊಡಗಲು ವಿಶ್ವವಿದ್ಯಾನಿಲಯವು ಅವನಿಗೆ ಅನುವು ಮಾಡಿಕೊಡುವುದು ಸರ್ವಥಾ ಯುಕ್ತವೆಂಬ ಒಂದೇ ಒಂದು ಬೇಡಿಕೆಯಿದೆ. ವಿಶ್ವವಿದ್ಯಾನಿಲಯವು ಪದವಿಯಿಲ್ಲದ ಆ ಗುಮಾಸ್ತನಿಗೆ ತಿಂಗಳಿಗೆ 75 ರೂಪಾಯಿಯ ಸಂಶೋಧನ ವಿದ್ಯಾರ್ಥಿವೇತನವನ್ನು ಕೊಟ್ಟಿತು.

ಈ ಪತ್ರದ ಬಲವಿರುವುದು ಅದರ ಮಿತಿಗಳಲ್ಲಿ ಎಂಬುದನ್ನು ಗಮನಿಸಬೇಕು. ತಾನು ಕಾಣದಿದ್ದುದನ್ನು ಕಂಡಿಲ್ಲವೆಂದು ಹೇಳುವವನ ಮಾತು, ಕಂಡೆನೆಂದು ಹೇಳಿದಾಗ ನಂಬಿಕೆಗೆ ಅರ್ಹವಾಗುತ್ತದೆ. ಕೊರತೆಯನ್ನು ಹೇಳಿದರೆ ವಿದ್ಯಾರ್ಥಿಗೆ ಹಾನಿಯಾಗುವುದೆಂದು ಹೆದರಿ ನಾವು ಎಲ್ಲರನ್ನೂ ದೋಷರಹಿತರನ್ನಾಗಿ ಬಣ್ಣಿಸುತ್ತೇವೆ. ಹಾಗೆ ಬಣ್ಣಿಸಿ ಎಲ್ಲರನ್ನೂ ಅದೃಶ್ಯರನ್ನಾಗಿ ಮಾಡುತ್ತೇವೆ. ಆ ಗುಮಾಸ್ತನಿಗೆ ವಾಕರ್ ಅವರು ‘ನೀನೇ ಬರೆದು ತಾ’ ಎಂದಿದ್ದರೆ ಏನಾಗುತ್ತಿತ್ತು?

ಇಲ್ಲಿ ಒಂದು ಆಕ್ಷೇಪವನ್ನು ಮುಂಚಿತವಾಗಿಯೇ ತೆಗೆದುಹಾಕಬೇಕು. ರಾಮಾನುಜನ್ ಕೂಡ ತಮ್ಮ ವಿಷಯವನ್ನು ತಾವೇ ಬರೆದುಕೊಂಡವರಲ್ಲವೇ, ಅದೇ ವರ್ಷದ ಜನವರಿಯಲ್ಲಿ ಕೇಂಬ್ರಿಜ್ಜಿನ ಗಣಿತಜ್ಞ ಹಾರ್ಡಿಯವರಿಗೆ ಪತ್ರ ಹಾಕಿದವರಲ್ಲವೇ ಎಂದು ಯಾರಾದರೂ ಕೇಳಿಯಾರು. ಹೌದು, ಆದರೆ ಅವರು ಬರೆದದ್ದು ತಮ್ಮ ಹೆಸರಿನಲ್ಲಿ, ತಮ್ಮ ಸಹಿಯಲ್ಲಿ. ವಿದ್ಯಾರ್ಥಿಯು ತಾನು ಮಾಡಿದ ಕೆಲಸವನ್ನು ತನ್ನದೆಂದು ನೇರವಾಗಿ ಹೇಳಿಕೊಳ್ಳುವುದರಲ್ಲಿ ಧೈರ್ಯವಿದೆ, ಮರ್ಯಾದೆಯಿದೆ. ತನ್ನ ಸ್ತುತಿಯನ್ನು ತಾನೇ ರಚಿಸಿ ಅದನ್ನು ಇನ್ನೊಬ್ಬನ ಬಾಯಿಯಿಂದ ಬಂದಂತೆ ತೋರಿಸುವುದು ಬೇರೆ. ಹತ್ತೊಂಬತ್ತು ವರ್ಷದ ಹುಡುಗಿಯು ರಾತ್ರಿ ಹಾಸ್ಟೆಲಿನ ಮಂಚದ ಮೇಲೆ ಕುಳಿತು ‘ಈಕೆಯ ನಿಸ್ವಾರ್ಥ ಗುಣ ಎಲ್ಲರಿಗೂ ಮಾದರಿ’ ಎಂದು ತನ್ನ ಬಗೆಗೆ ತಾನೇ ಬರೆಯುತ್ತಿರುವಾಗ ಅವಳಿಗೆ ನಾವು ಕಲಿಸುತ್ತಿರುವ ಪಾಠವೇನು? ಹೊಗಳಿಕೆಯೆಂಬುದು ಸಿದ್ಧಮಾಡಿಕೊಳ್ಳತಕ್ಕ ಪದಾರ್ಥ, ದೊಡ್ಡವರ ಸಹಿಯೆಂಬುದು ಕೇಳಿದರೆ ಸಿಗತಕ್ಕ ಸರಕು ಎಂಬುದಲ್ಲವೇ? ಲಜ್ಜೆಯುಳ್ಳ ಹುಡುಗಿಯು ಈ ಕೆಲಸವನ್ನು ಮಾಡಲಾರದೆ ನಮೂನೆಯನ್ನು ಮಡಿಚಿ ಪುಸ್ತಕದೊಳಗಿಡುತ್ತಾಳೆ. ಅವಳನ್ನು ನಾವು ಆಸಕ್ತಿಯಿಲ್ಲದವಳೆಂದು ತಿಳಿಯುತ್ತೇವೆ.

ಈಗ ನನ್ನದೇ ತಪ್ಪೊಂದನ್ನು ಹೇಳಬೇಕು. ನಾನು ಭೌತಶಾಸ್ತ್ರ ಕಲಿಸುತ್ತಿದ್ದ ಪ್ರಥಮ ದರ್ಜೆ ಕಾಲೇಜಿಗೆ ಬರುತ್ತಿದ್ದ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿಯೇ ವಿಜ್ಞಾನ ಓದಿದವರು, ಬಿ.ಎಸ್‌ಸಿ. ತರಗತಿಯ ಇಂಗ್ಲಿಷಿನೆದುರು ಮೊದಲ ತಿಂಗಳಲ್ಲಿ ಅವರ ಮುಖ ಬಾಡುತ್ತಿದ್ದ ರೀತಿಯನ್ನು ನಾನು ಇಂದಿಗೂ ಮರೆತಿಲ್ಲ. ಎರಡನೆಯ ವರ್ಷದಲ್ಲಿ ಓದುತ್ತಿದ್ದ ಒಬ್ಬ ಹುಡುಗ, ಎಂದೂ ವೇದಿಕೆಯನ್ನೇರದವನು, ಚರ್ಚಾಸ್ಪರ್ಧೆಗೆ ಹೆಸರು ಕೊಡದವನು, ಮೂರು ಲಾಂಗ್ ನೋಟ್‌ಬುಕ್ಕುಗಳಿಗೆ ಹಳೆಯ ಕ್ಯಾಲೆಂಡರಿನ ಹಾಳೆಯ ರಟ್ಟು ಹಾಕಿ, ತಾನು ಎಡವಿದ ಪ್ರತಿಯೊಂದು ಇಂಗ್ಲಿಷ್ ಶಬ್ದವನ್ನೂ ಅವುಗಳಲ್ಲಿ ಬರೆದು, ಎದುರಿಗೆ ಕನ್ನಡದಲ್ಲಿ ವಿವರಣೆ ಕೊಟ್ಟಿದ್ದನು. ‘ಟಾರ್ಕ್’ ಎಂಬ ಶಬ್ದದ ಮುಂದೆ, ಬೋರ್‌ವೆಲ್ಲಿನ ಪೈಪು ಬಿಚ್ಚುವಾಗ ಪಾನಾದ ಹಿಡಿಗೆ ಉದ್ದನೆಯ ಕೊಳವೆಯೊಂದನ್ನು ಸಿಕ್ಕಿಸಿಕೊಂಡರೆ ಶ್ರಮ ಕಡಿಮೆಯಾಗುವುದೇಕೆಂದು ಐದು ಸಾಲುಗಳಿದ್ದವು, ಪಕ್ಕದಲ್ಲಿ ಚಿತ್ರವಿತ್ತು. ಅಂಚುಗಳಲ್ಲಿ ಕಿರಿಯ ಹುಡುಗರು ಪೆನ್ಸಿಲಿನಲ್ಲಿ ಬರೆದ ಸಂದೇಹಗಳು, ಅವುಗಳ ಕೆಳಗೆ ನೀಲಿ ಶಾಯಿಯಲ್ಲಿ ಅವನ ಉತ್ತರಗಳು. ಗ್ರಂಥಾಲಯದ ಅಟೆಂಡರ್ ಆ ಪುಸ್ತಕಗಳನ್ನು ತಮ್ಮ ಮೇಜಿನ ಖಾನೆಯಲ್ಲಿಟ್ಟುಕೊಂಡು, ಕೇಳಿದವರಿಗೆ ಒಂದೊಂದು ರಾತ್ರಿಯ ಮಟ್ಟಿಗೆ ಕೊಡುತ್ತಿದ್ದರು. ಕೊನೆಯ ಪುಟದಲ್ಲಿ, ಒಯ್ದವರ 41 ಹೆಸರುಗಳು ಅವರವರ ಕೈಬರಹದಲ್ಲಿಯೇ ಇದ್ದವು. ನನಗೆ ಇದು ತಿಳಿದದ್ದು ಆ ಹುಡುಗ ಕಾಲೇಜು ಬಿಟ್ಟುಹೋದ ಮೇಲೆ. ಅವನು ಅಂತಿಮ ವರ್ಷದಲ್ಲಿದ್ದಾಗ, ಅವನ ತರಗತಿಯ ಇನ್ನೊಬ್ಬ ವಿದ್ಯಾರ್ಥಿ ತಾನೇ ಬರೆದು ತಂದಿದ್ದ ಸೊಗಸಾದ ಇಂಗ್ಲಿಷ್ ಪುಟಕ್ಕೆ ನಾನು ಸಹಿ ಹಾಕಿದ್ದೆ. ಪ್ರಶಸ್ತಿ ಅವನಿಗೆ ಬಂದಿತ್ತು. ಅವನು ಕೆಟ್ಟವನಲ್ಲ, ಅವನ ಮೇಲೆ ನನ್ನ ದೂರಿಲ್ಲ. ಮೂರು ವರ್ಷ ನನ್ನ ಪ್ರಯೋಗಶಾಲೆಯಲ್ಲಿ ನಿಂತು ವರ್ನಿಯರ್ ಹಿಡಿದ ಹುಡುಗನು ನನ್ನ ವಿಷಯವನ್ನು ನನಗಿಂತ ಚೆನ್ನಾಗಿ ಕಲಿಸುತ್ತಿದ್ದುದನ್ನು ಅಟೆಂಡರ್ ಕಂಡರು, ನಾನು ಕಾಣಲಿಲ್ಲ.

ಆದುದರಿಂದಲೇ ಯಾರಿಗೂ ನಷ್ಟವಿಲ್ಲವೆಂಬ ಮಾತನ್ನು ನಾನು ಒಪ್ಪಲಾರೆ. ನಷ್ಟವಾಗುವುದು ಕೇಳಲು ಬಾರದವರಿಗೆ. ಇಂಗ್ಲಿಷಿನಲ್ಲಿ ತನ್ನನ್ನು ವರ್ಣಿಸಿಕೊಳ್ಳಬಲ್ಲವನು, ಮನೆಯಲ್ಲಿ ಪತ್ರ ತಿದ್ದಿಕೊಡುವ ಅಣ್ಣನೋ ತಂದೆಯೋ ಇರುವವನು, ಅಧ್ಯಾಪಕರ ಕೊಠಡಿಯ ಬಾಗಿಲನ್ನು ಹಿಂಜರಿಯದೆ ತಟ್ಟುವವನು ಗೆಲ್ಲುತ್ತಾನೆ. ಸಂಜೆಯ ಕೊನೆಯ ಬಸ್ಸು ತಪ್ಪಬಾರದೆಂದು ಮೂರೂವರೆಗೇ ಓಡುವ ಹಳ್ಳಿಯ ಹುಡುಗಿ, ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ಮೊದಲನೆಯವಳು, ನಮೂನೆಯನ್ನೇ ಕೇಳುವುದಿಲ್ಲ. ಅವಳ ಪರವಾಗಿ ಮಾತನಾಡುವುದಕ್ಕೆಂದೇ ನಾಮನಿರ್ದೇಶನವೆಂಬ ಪದ್ಧತಿ ಇರುವುದು. ಆ ಪದ್ಧತಿಯನ್ನು ಅವಳ ವಿರುದ್ಧವೇ ತಿರುಗಿಸಿದವರು ನಾವು.

ಸಾಕ್ಷ್ಯವು ಬರಿದಾದಾಗ ಸಮಿತಿಯವರು ಎಣಿಕೆಗೆ ಇಳಿಯುತ್ತಾರೆ. ಅವರಾದರೂ ಏನು ಮಾಡಿಯಾರು? ಪ್ರಮಾಣಪತ್ರದ ಝೆರಾಕ್ಸ್ ಪ್ರತಿಗಳನ್ನು ಎಣಿಸಿ, ರಾಜ್ಯಮಟ್ಟಕ್ಕಿಷ್ಟು, ಜಿಲ್ಲಾಮಟ್ಟಕ್ಕಿಷ್ಟು ಎಂದು ಅಂಕ ಹಾಕಿ ಕೂಡುತ್ತಾರೆ. ಕಾಲೇಜುಗಳ ನ್ಯಾಕ್ ಮೌಲ್ಯಮಾಪನದಲ್ಲಿ ಕ್ರೀಡೆ ಮತ್ತು ಸಾಂಸ್ಕೃತಿಕ ಚಟುವಟಿಕೆಗಳ ಪ್ರಶಸ್ತಿ ಪದಕಗಳ ಸಂಖ್ಯೆಯನ್ನು ಕೇಳುತ್ತ ಬಂದಿದ್ದಾರೆಂಬುದು ನಿಜ; ಸಂಸ್ಥೆಯನ್ನು ಅಳೆಯುವವರಿಗೆ ಸಂಖ್ಯೆ ಬೇಕಾದೀತು. ಆದರೆ ಸಂಸ್ಥೆಗೆ ಹಿಡಿಯುವ ಅಳತೆಗೋಲಿನಿಂದಲೇ ನಮ್ಮೆದುರು ಕುಳಿತ ಮಗುವನ್ನು ಅಳೆಯಬೇಕೆಂದು ನಮಗೆ ಯಾರು ಹೇಳಿದರು? ಆ ಮೂರು ನೋಟ್‌ಬುಕ್ಕುಗಳಿಗೆ ಪ್ರಮಾಣಪತ್ರ ಕೊಡುವ ಸ್ಪರ್ಧೆ ಯಾವ ಮಟ್ಟದಲ್ಲಿ ನಡೆಯುತ್ತದೆ?

ಸಮಯವಿಲ್ಲವೆಂಬ ಕಾರಣದ ಮೇಲೆ ನಾನು ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಕೆಲಸದ ಹೊರೆ ಹೆಚ್ಚಿದೆ, ತರಗತಿಗಳು ತುಂಬಿ ತುಳುಕುತ್ತಿವೆ, ಎಲ್ಲವೂ ಸತ್ಯ. ಆದರೆ ಸಮಯವಿಲ್ಲದವನು ಸಹಿಯನ್ನೂ ಹಾಕಬಾರದು. ‘ಈ ವಿದ್ಯಾರ್ಥಿಯನ್ನು ನಾನು ಅಷ್ಟಾಗಿ ಅರಿಯೆ, ಬೇರೆ ಅಧ್ಯಾಪಕರನ್ನು ಕೇಳು’ ಎನ್ನುವುದಕ್ಕೆ ಅರ್ಧ ನಿಮಿಷ ಸಾಕು.

ಇದಕ್ಕಿಂತ ಗಂಭೀರವಾದ, ಸಾತ್ವಿಕವೆಂದು ತೋರುವ ಇನ್ನೊಂದು ವಾದವಿದೆ: ನಿಜವಾದ ಸೇವೆಗೆ ಮನ್ನಣೆಯ ಹಂಬಲವಿರುವುದಿಲ್ಲ, ಒಳ್ಳೆಯ ಕೆಲಸ ತಾನಾಗಿಯೇ ಬೆಳಕಿಗೆ ಬರುತ್ತದೆ, ಅದನ್ನು ಪತ್ರ ಬರೆದು ಸಾರುವುದೇಕೆ ಎಂಬುದು. ಮಾಡಿದವನು ಹಾಗೆ ಹೇಳಿದರೆ ಅದು ವಿನಯ. ಕಂಡವನು ಹಾಗೆ ಹೇಳಿದರೆ ಅದು ಕೃತಘ್ನತೆ. ನಮ್ಮ ಪೂರ್ವಿಕರು ಇವೆರಡರ ವ್ಯತ್ಯಾಸವನ್ನು ಬಲ್ಲವರಾಗಿದ್ದರು. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ, ಸುಮಾರು ಕ್ರಿ.ಶ. 950ರ ಕಲ್ಲನ್ನು ಹೋಗಿ ನೋಡಿರಿ. ತಕ್ಕೋಲದ ಯುದ್ಧದಲ್ಲಿ ಮಣಲೆರನೆಂಬ ವೀರನು ತೋರಿದ ಪರಾಕ್ರಮಕ್ಕೆ ಮೆಚ್ಚಿದ ಗಂಗರ ಅರಸ ಬೂತುಗನು ಏನು ಬೇಕೆಂದು ಕೇಳಿದಾಗ, ಆತ ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ಕಾಳಿಯನ್ನು ಬೆಳತೂರಿನ ಬೆಟ್ಟದ ಬಳಿ ದೊಡ್ಡ ಹಂದಿಯೊಂದರ ಮೇಲೆ ಬಿಟ್ಟಾಗ ನಾಯಿಯೂ ಹಂದಿಯೂ ಹೋರಾಡಿ ಒಟ್ಟಿಗೆ ಸತ್ತವು. ಅದಕ್ಕಾಗಿ ಚಲ್ಲೇಶ್ವರನ ಗುಡಿಯ ಮುಂದೆ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟುಕೊಟ್ಟರು. ನಾಯಿಯ ಹೆಸರು, ಒಡೆಯನ ಹೆಸರು, ಅದು ಅವನಿಗೆ ದೊರೆತ ಸಂದರ್ಭ, ಹೋರಾಡಿದ ಸ್ಥಳ, ಎದುರಾಳಿ, ಸಾವು, ಎಲ್ಲವೂ ಅಲ್ಲಿ ಕೊರೆಯಲ್ಪಟ್ಟಿವೆ. ವೀರಗಲ್ಲನ್ನು ವೀರನು ತಾನೇ ನೆಟ್ಟುಕೊಳ್ಳುವುದಿಲ್ಲ. ಉಳಿದವರು ನೆಡುತ್ತಾರೆ, ಅದು ಉಳಿದವರ ಋಣ. ಸಾವಿರ ವರ್ಷಗಳ ಹಿಂದೆ ಬೇಟೆನಾಯಿಯೊಂದಕ್ಕೆ ಈ ನಾಡು ಸಲ್ಲಿಸಿದ ಋಣವನ್ನು ಇಂದು ನಮ್ಮ ವಿದ್ಯಾರ್ಥಿಗಳಿಗೆ ಸಲ್ಲಿಸಲಾರೆವೇ? ಸಾಣೆ ಹಿಡಿದ ಉಳಿಯಾಗಲಿ ಶಿಲ್ಪಿಯಾಗಲಿ ನಮಗೆ ಬೇಕಿಲ್ಲ. ಒಂದು ಹಾಳೆ, ಒಂದು ಲೇಖನಿ, ಒಂದು ಗಂಟೆ.

ವಿದ್ಯಾರ್ಥಿಯೇ ಬರೆದು ತಂದುದಕ್ಕೆ ಸಹಿ ಹಾಕುವ ಈ ಪದ್ಧತಿ ಈ ವರ್ಷವೇ ನಿಲ್ಲಬೇಕು. ತಾನು ಬರೆಯದ ಪತ್ರಕ್ಕೆ ಯಾವ ಅಧ್ಯಾಪಕನೂ ಸಹಿ ಹಾಕತಕ್ಕದ್ದಲ್ಲ. ವಿದ್ಯಾರ್ಥಿಯೇ ಬರೆದುದೆಂದು ಕಂಡುಬಂದ ಪತ್ರವನ್ನು ಸಮಿತಿಯು ಸಹಿ ಹಾಕಿದವರಿಗೇ ಹಿಂದಿರುಗಿಸಬೇಕು, ವಿದ್ಯಾರ್ಥಿಯನ್ನು ದಂಡಿಸದೆ. ನಮೂನೆಯಲ್ಲಿ ಪ್ರಶಸ್ತಿಪತ್ರಗಳ ಪಟ್ಟಿಗೆ ಇರುವ ಹನ್ನೆರಡು ಗೆರೆಗಳನ್ನು ಅಳಿಸಿ, ನೀವು ಕಣ್ಣಾರೆ ಕಂಡದ್ದೇನು, ಎಲ್ಲಿ, ಎಂದು, ಅದರಿಂದ ಯಾರಿಗೆ ಏನಾಯಿತು ಎಂಬ ಪ್ರಶ್ನೆಯನ್ನು ಪ್ರಾಂಶುಪಾಲರು ಅಚ್ಚುಹಾಕಿಸಲಿ. ನೀವು ಕಾಣದಿರುವುದೇನೆಂಬುದಕ್ಕೂ ಎರಡು ಗೆರೆಗಳಿರಲಿ. ಉತ್ತರವನ್ನು ಕನ್ನಡದಲ್ಲಿ ಬರೆಯಿರಿ. ನಮ್ಮ ನೆಲದಲ್ಲಿ ನಡೆದುದನ್ನು ನಮ್ಮ ಮಾತಿನಲ್ಲಿ ಹೇಳಿದರೆ ಸುಳ್ಳು ಬೇಗ ಸಿಕ್ಕಿಬೀಳುತ್ತದೆ. ಜೂನ್ ತಿಂಗಳಲ್ಲೇ ಒಂದು ಚಿಕ್ಕ ಪುಸ್ತಕವನ್ನು ಜೇಬಿನಲ್ಲಿಟ್ಟುಕೊಂಡು, ಕಂಡ ದಿನವೇ ಎರಡು ಸಾಲು ಬರೆದಿಡಿ; ಮಾರ್ಚಿನಲ್ಲಿ ನೆನಪು ಕೈಕೊಡುತ್ತದೆ, ಆಗ ವಿಶೇಷಣಗಳು ಬಂದು ಆ ಜಾಗದಲ್ಲಿ ಕೂರುತ್ತವೆ. ಪ್ರಯೋಗಶಾಲೆಯ ಸಹಾಯಕರನ್ನು, ಹಾಸ್ಟೆಲಿನ ಅಡುಗೆಯವರನ್ನು, ಹಳ್ಳಿಯ ಬಸ್ಸಿನ ಕಂಡಕ್ಟರನ್ನು ಕೇಳಿರಿ. ಅವರು ನಮಗಿಂತ ಹೆಚ್ಚು ಕಂಡಿರುತ್ತಾರೆ.

ಮುಂದಿನ ಸಲ ಆ ಹುಡುಗಿ ನಮೂನೆ ಹಿಡಿದು ಬಾಗಿಲಲ್ಲಿ ನಿಂತಾಗ, “ಅದನ್ನ ಇಲ್ಲಿಟ್ಟು ಕೂತ್ಕೊಳಮ್ಮ, ಏನೇನು ಮಾಡ್ದೆ ಹೇಳು, ನಾನು ಬರೀತೀನಿ” ಎನ್ನಿರಿ. ಅವಳು ಹೋದ ಮೇಲೆ ಎದ್ದು ಗ್ರಂಥಾಲಯಕ್ಕೆ ನಡೆಯಿರಿ. ಖಾನೆಯಲ್ಲಿ ಯಾರದಾದರೂ ನೋಟ್‌ಬುಕ್ಕು ಇದೆಯೇ ಎಂದು ಅಟೆಂಡರನ್ನು ಕೇಳಿರಿ.